ಹೆಸರಿಲ್ಲದ ನಂಟು

ನಂಟಿನ ಹೆಸರುಗಳಿಗೆ ನಮ್ಮ ಭಾಷೆಯಲ್ಲಿ ಬಡತನವಿಲ್ಲ. ಗಂಡನ ತಮ್ಮನಿಗೆ ಮೈದುನನೆಂದೂ, ಆತನ ಹೆಂಡತಿಗೆ ಓರಗಿತ್ತಿಯೆಂದೂ, ಹೆಂಡತಿಯ ತಂಗಿಯ ಗಂಡನಿಗೆ ಷಡ್ಡಕನೆಂದೂ, ಮಗಳ ಮಾವನಿಗೆ ಬೀಗನೆಂದೂ ಬೇರೆ ಬೇರೆ ಹೆಸರನ್ನಿಟ್ಟು, ಯಾರು ಯಾರಿಗೆ ಏನಾಗಬೇಕೆಂಬುದನ್ನು ನಮ್ಮ ಹಿರಿಯರು ಸಂದೇಹಕ್ಕೆಡೆಯಿಲ್ಲದಂತೆ ಗೊತ್ತುಮಾಡಿ ಇರಿಸಿದ್ದಾರೆ. ಆದರೆ ಒಂದು ಕಾಲದಲ್ಲಿ ಗಂಡನಾಗಿದ್ದು ಈಗ ಗಂಡನಲ್ಲದವನನ್ನು, ಹೆಂಡತಿಯಾಗಿದ್ದು ಈಗ ಹೆಂಡತಿಯಲ್ಲದವಳನ್ನು ಏನೆಂದು ಕರೆಯಬೇಕು? ವೃತ್ತಪತ್ರಿಕೆಗಳವರು 'ಮಾಜಿ ಪತಿ', 'ಮಾಜಿ ಪತ್ನಿ' ಎಂದು ಬರೆಯುವುದುಂಟು. ಮಾಜಿ ಮಂತ್ರಿ, ಮಾಜಿ ಸೈನಿಕ ಎಂಬ ಸಾಲಿಗೆ ಸೇರುವ ಆ ಮಾತನ್ನು ಮನೆಯೊಳಗೆ ಆಡಿದವರನ್ನು ನಾವಂತೂ ಕಂಡಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ನಂಟೇ ಇಲ್ಲವೆಂದಾಯಿತೇ ಎಂಬುದು ಈ ದಿನ ನಮ್ಮ ಮುಂದಿರುವ ಪ್ರಶ್ನೆ.

ಇದು ಬರಿಯ ಮಾತಿನ ಪ್ರಶ್ನೆಯಲ್ಲ. ೧೯೫೫ರಲ್ಲಿ ಹಿಂದೂ ವಿವಾಹ ಶಾಸನವು ಬಂದಂದಿನಿಂದ ನ್ಯಾಯಸ್ಥಾನದ ಮೂಲಕ ಬಿಡುಗಡೆ ಪಡೆಯುವ ದಾರಿಯು ದೇಶಕ್ಕೆಲ್ಲ ತೆರೆದಿದೆ. ಒಂದೊಂದು ಬಳಗದಲ್ಲಿಯೂ ಅಂತಹ ಒಂದಾದರೂ ಸಂಸಾರವನ್ನು ವಾಚಕರು ಬಲ್ಲರು. ಇಬ್ಬರೂ ಬೇರೆಯಾಗಿ ಹತ್ತು ಹನ್ನೆರಡು ವರ್ಷಗಳು ಕಳೆದಿರುತ್ತವೆ. ಹಳೆಯ ಕಹಿಯು ತಳಕ್ಕಿಳಿದಿರುತ್ತದೆ. ಆಗ ಯಾರ ಬಾಯಿಂದಲೋ ಸುದ್ದಿಯು ಬರುತ್ತದೆ: ಆತನಿಗೆ ಕೈಕಾಲು ಸ್ವಾಧೀನ ತಪ್ಪುತ್ತಿದೆಯಂತೆ, ದಿನದಿಂದ ದಿನಕ್ಕೆ ಹೆಚ್ಚುವ, ಮದ್ದಿಲ್ಲದ ನರರೋಗವಂತೆ. ಹೋಗಿ ನೋಡಬೇಕೇ? ಹೋದರೆ ಜನರು ಏನೆಂದಾರು? ಹೋಗದಿದ್ದರೆ ತನ್ನ ಮನಸ್ಸು ಏನೆಂದೀತು? ಹೋದಮೇಲೆ ಹಿಂತಿರುಗಿ ಬರಲು ಬಿಟ್ಟಾರೇ? ಇಂತಹ ಪ್ರಶ್ನೆಗಳಿಗೆ ಧರ್ಮಗ್ರಂಥಗಳಲ್ಲಿ ಉತ್ತರವನ್ನು ಹುಡುಕುವುದಕ್ಕಿಂತ, ಅದನ್ನು ಬಾಳಿ ತೋರಿಸಿದ ಇಬ್ಬರ ವೃತ್ತಾಂತವನ್ನು ಹೇಳುವುದು ಲೇಸೆಂದು ನಮಗೆ ತೋರಿತು. ಇಬ್ಬರೂ ಅಮೆರಿಕ ದೇಶದವರು. ಒಬ್ಬಳು ಹೆಂಗಸು, ಒಬ್ಬನು ಗಂಡಸು. ಇಬ್ಬರೂ ವಿವಾಹ ವಿಚ್ಛೇದನವಾದವರು. ಇಬ್ಬರ ಹಳೆಯ ಸಂಗಾತಿಗಳನ್ನೂ ಹಿಡಿದುದು ಒಂದೇ ರೋಗ.

ಆ ರೋಗಕ್ಕೆ ಹಂಟಿಂಗ್ಟನ್ ರೋಗವೆಂದು ಹೆಸರು. ೧೮೭೨ರಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ ಇಪ್ಪತ್ತೆರಡು ವರ್ಷದ ವೈದ್ಯನು ಅದನ್ನು ಸ್ಪಷ್ಟವಾಗಿ ವರ್ಣಿಸಿದನು. ಸಾಮಾನ್ಯವಾಗಿ ಮೂವತ್ತರಿಂದ ಐವತ್ತು ವರ್ಷಗಳ ನಡುವೆ ಅದು ತಲೆಯೆತ್ತುತ್ತದೆ. ಕೈಕಾಲುಗಳು ತಮಗೆ ತಾವೇ ಕುಣಿದಂತೆ ಅಲುಗಾಡುತ್ತವೆ; ನಡಿಗೆಯು ತೂರಾಡುತ್ತದೆ; ಮಾತು ತೊದಲುತ್ತದೆ; ನುಂಗುವುದು ಕಷ್ಟವಾಗುತ್ತದೆ; ಬುದ್ಧಿಯೂ ಕ್ರಮೇಣ ಮಂಕಾಗುತ್ತದೆ. ಹದಿನೈದು ಇಪ್ಪತ್ತು ವರ್ಷಗಳ ಕಾಲ ಹೀಗೆ ಕುಂದುತ್ತ ಹೋಗಿ ಮನುಷ್ಯನು ತೀರಿಕೊಳ್ಳುತ್ತಾನೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಬರುವ ಸಂಭವವು ಅರ್ಧಕ್ಕರ್ಧ; ನಾಣ್ಯವನ್ನು ಚಿಮ್ಮಿದಂತೆ. ಗಂಡು ಹೆಣ್ಣೆಂಬ ಭೇದವಿಲ್ಲ.

ಇಲ್ಲಿ ಗೃಹಸ್ಥರು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಕೈಕಾಲು ಕುಣಿಯುವುದಕ್ಕೆ ಕೆಲವು ವರ್ಷಗಳ ಮೊದಲೇ ಅನೇಕರಲ್ಲಿ ಸ್ವಭಾವವು ಕೆಡುತ್ತದೆ. ಕಾರಣವಿಲ್ಲದ ಸಿಡುಕು, ಖಿನ್ನತೆ, ಹಿಂದುಮುಂದು ನೋಡದ ಸಾಹಸ, ಕೆಲವೊಮ್ಮೆ ಕೈಮಾಡುವುದು, ಇವೆಲ್ಲ ರೋಗದ ಹೆಸರು ತಿಳಿಯುವ ಮುನ್ನವೇ ಮನೆಯನ್ನು ಹೊಕ್ಕಿರುತ್ತವೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ಇಂತಹ ಮನೆಗೆ ಸಲ್ಲುವುದಿಲ್ಲ. ಮಿದುಳಿನಲ್ಲಿ ಹುಟ್ಟಿದ ಜಗಳವು ಉಂಡು ಮಲಗಿದರೂ ಹೋಗದು. ವೈದ್ಯರು ಬಂದು ಕಾರಣವನ್ನು ಹೇಳುವ ಹೊತ್ತಿಗೆ ಅನೇಕ ಸಂಸಾರಗಳು ಮುರಿದೇ ಹೋಗಿರುತ್ತವೆ.

ವುಡಿ ಗಥ್ರಿಯ ಸಂಸಾರವೂ ಹಾಗೆಯೇ ಮುರಿಯಿತು. ಆತನು ೧೯೧೨ರಲ್ಲಿ ಓಕ್ಲಹೋಮ ಸಂಸ್ಥಾನದ ಓಕೀಮಾ ಎಂಬ ಊರಿನಲ್ಲಿ ಹುಟ್ಟಿದ ಜನಪದ ಗಾಯಕ. ಗಿಟಾರನ್ನು ಹೆಗಲಿಗೇರಿಸಿಕೊಂಡು ಊರೂರು ಅಲೆದು, ಬರಗಾಲದಿಂದ ಮನೆಮಠ ಕಳೆದುಕೊಂಡ ರೈತರ ಪಾಡನ್ನು ಹಾಡಿದವನು. ಆತನು ೧೯೪೦ರಲ್ಲಿ ಕಟ್ಟಿದ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಎಂಬ ಹಾಡನ್ನು ಅಲ್ಲಿಯ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಹಾಡುತ್ತಾರೆ. ಆತನ ತಾಯಿ ನೋರಾಳನ್ನು ಊರಿನವರು ಹುಚ್ಚಿಯೆಂದೇ ತಿಳಿದಿದ್ದರು. ಆಕೆಯು ೧೯೩೦ರಲ್ಲಿ ಹುಚ್ಚಾಸ್ಪತ್ರೆಯಲ್ಲಿಯೇ ತೀರಿಕೊಂಡಳು. ಆಕೆಯದು ಹಂಟಿಂಗ್ಟನ್ ರೋಗ.

ವುಡಿಯು ಮೊದಲು ಮೇರಿ ಎಂಬವಳನ್ನು ವಿವಾಹವಾಗಿ ಮೂವರು ಮಕ್ಕಳನ್ನು ಪಡೆದನು. ಆ ದಾಂಪತ್ಯವು ಮುರಿದ ಮೇಲೆ, ೧೯೪೫ರಲ್ಲಿ, ಮಾರ್ಜರಿಯ ಕೈಹಿಡಿದನು. ಆಕೆಯು ಹೆಸರಾಂತ ನರ್ತಕಿ ಮಾರ್ಥಾ ಗ್ರಹಾಮಳ ಮೇಳದಲ್ಲಿ ಕುಣಿಯುತ್ತಿದ್ದವಳು. ನ್ಯೂಯಾರ್ಕಿನ ಕಡಲಂಚಿನಲ್ಲಿ, ಕೋನಿ ಐಲೆಂಡ್ ಎಂಬಲ್ಲಿ, ಅವರ ಸಂಸಾರ. ೧೯೪೭ರಲ್ಲಿ ಮನೆಯಲ್ಲಿ ಬೆಂಕಿ ಹತ್ತಿ ನಾಲ್ಕು ವರ್ಷದ ಹಿರಿಯ ಮಗಳು ಕ್ಯಾಥಿ ಸುಟ್ಟು ತೀರಿಕೊಂಡಳು. ಆಮೇಲೆ ಆರ್ಲೋ, ಜೋಡಿ ಎಂಬ ಗಂಡುಮಕ್ಕಳೂ, ನೋರಾ ಎಂಬ ಹೆಣ್ಣುಮಗುವೂ ಹುಟ್ಟಿದರು.

ಆ ವರ್ಷಗಳಲ್ಲಿಯೇ ವುಡಿಯ ನಡತೆಯು ಕೆಟ್ಟಿತು. ಹೇಳದೆ ಕೇಳದೆ ಮನೆ ಬಿಟ್ಟು ಹೋಗುವನು, ಬರುವನು, ಸಿಟ್ಟಿಗೇಳುವನು. ಕುಡಿತದ ಫಲವೆಂದು ಎಲ್ಲರೂ ಎಣಿಸಿದರು. ೧೯೫೨ರಲ್ಲಿ ಮೈಮೇಲೆ ಬೀಳುವಷ್ಟಕ್ಕೆ ಹೋಗಿ, ಒಂದಾದಮೇಲೊಂದು ಆಸ್ಪತ್ರೆಯನ್ನು ಕಂಡು, ಕೊನೆಗೆ ಆ ವರ್ಷವೇ ರೋಗದ ನಿಜವಾದ ಹೆಸರು ತಿಳಿಯಿತು. ತಾಯಿಯ ರೋಗವೇ ಮಗನಿಗೆ ಬಂದಿತ್ತು. ಮೂರು ಎಳೆಯ ಮಕ್ಕಳನ್ನು ಕಟ್ಟಿಕೊಂಡ ಮಾರ್ಜರಿಯು ಅವರ ಕ್ಷೇಮವನ್ನೆಣಿಸಿ ಆತನಿಂದ ದೂರವಾದಳು. ೧೯೫೩ರಲ್ಲಿ ವಿಚ್ಛೇದನವಾಯಿತು. ಆತನು ಆನೆಕೆ ಎಂಬ ಎಳೆಯ ತರುಣಿಯನ್ನು ಮೂರನೆಯ ಸಲ ಮದುವೆಯಾದನು. ೧೯೫೪ರಲ್ಲಿ ತಾನಾಗಿಯೇ ಆಸ್ಪತ್ರೆಗೆ ಸೇರಿದನು. ಅಂದಿನಿಂದ ಸಾಯುವ ತನಕ ಆಸ್ಪತ್ರೆಯೇ ಆತನ ಮನೆ. ಆ ಮೂರನೆಯ ಮದುವೆಯೂ ಬಹುಕಾಲ ಬಾಳಲಿಲ್ಲ. ಇಪ್ಪತ್ತರ ಆಸುಪಾಸಿನ ಆ ಹುಡುಗಿಯು ಹೊರಲಾರದ ಹೊರೆಯನ್ನು ಕೆಳಗಿಳಿಸಿದಳೆಂದು ದೂರುವವರು, ತಮ್ಮ ಮಗಳು ಆ ಸ್ಥಾನದಲ್ಲಿದ್ದರೆ ಏನು ಹೇಳುತ್ತಿದ್ದೆವೆಂದು ಒಂದು ಕ್ಷಣ ಯೋಚಿಸಬೇಕು.

ಆಗ ಹಿಂತಿರುಗಿ ಬಂದವಳು ಮಾರ್ಜರಿ.

ಬಂದಳೆಂದರೆ ಮತ್ತೆ ಹೆಂಡತಿಯಾಗಿ ಬಂದಳೆಂದು ತಿಳಿಯಬಾರದು. ಆಕೆಯು ಅಷ್ಟರಲ್ಲಿ ಬೇರೊಬ್ಬನನ್ನು ಮದುವೆಯಾಗಿದ್ದಳು. ಬ್ರೂಕ್ಲಿನ್‌ನಲ್ಲಿ ತನ್ನದೇ ನೃತ್ಯಶಾಲೆಯನ್ನು ನಡೆಸಿ, ಅದರ ಸಂಪಾದನೆಯಿಂದ ಮಕ್ಕಳನ್ನು ಸಾಕುತ್ತಿದ್ದಳು. ಆತನ ದಿನನಿತ್ಯದ ಆರೈಕೆಯು ಆಸ್ಪತ್ರೆಯ ಕೈಯಲ್ಲಿತ್ತು. ಆಕೆಯು ಮಾಡಿದುದಿಷ್ಟೇ: ತಪ್ಪದೆ ಹೋಗಿ ನೋಡುವುದು, ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ಯುವುದು, ವೈದ್ಯರೊಡನೆ ಮಾತನಾಡುವುದು, ಆತನ ಕಾಗದಪತ್ರಗಳನ್ನು ಜೋಪಾನವಾಗಿ ಇರಿಸುವುದು. ಆತನು ನ್ಯೂಜರ್ಸಿಯ ಗ್ರೇಸ್ಟೋನ್ ಆಸ್ಪತ್ರೆಯಲ್ಲಿದ್ದಾಗ, ಗ್ಲೀಸನ್ ಎಂಬ ಅಭಿಮಾನಿ ದಂಪತಿಗಳು ಭಾನುವಾರಗಳಲ್ಲಿ ಆತನನ್ನು ತಮ್ಮ ಮನೆಗೆ ಕರೆತರುತ್ತಿದ್ದರು. ಮಾರ್ಜರಿಯೂ ಮಕ್ಕಳೂ ಅಲ್ಲಿಗೆ ಹೋಗುವರು. ೧೯೬೧ರಲ್ಲಿ ಇಪ್ಪತ್ತು ತುಂಬದ ಬಾಬ್ ಡಿಲನ್ ಎಂಬ ಹುಡುಗನು ತನ್ನ ಆರಾಧ್ಯ ಗಾಯಕನನ್ನು ಕಾಣಲು ಬಂದುದೂ ಆ ದಿನಗಳಲ್ಲಿಯೇ. ಮುಂದೆ ವುಡಿಯು ಬ್ರೂಕ್ಲಿನ್ನಿನ ಆಸ್ಪತ್ರೆಗೆ ಬಂದ ಮೇಲೆ ಮಾರ್ಜರಿಯು ಆತನನ್ನು ರಜಾದಿನಗಳಲ್ಲಿ ತನ್ನ ಮನೆಗೇ ಕರೆತರುತ್ತಿದ್ದಳು. ಮಾತು ಪೂರಾ ನಿಂತಾಗ 'ಹೌದು', 'ಇಲ್ಲ' ಎಂದು ಬರೆದ ಎರಡು ಚೀಟಿಗಳನ್ನು ಆತನ ಮುಂದೆ ಹಿಡಿಯುವಳು. ಆತನು ಅಲುಗಾಡುವ ಕೈಯನ್ನು ಹೇಗೋ ಒಂದರತ್ತ ಬೀಸಿ ಉತ್ತರ ಹೇಳುವನು.

ಹದಿಮೂರು ವರ್ಷಗಳ ಕಾಲ ಹೀಗೆ ಕಳೆಯಿತು. ೧೯೬೭ರ ಅಕ್ಟೋಬರ್ ೩ರಂದು ವುಡಿಯು ತೀರಿಕೊಂಡನು.

ಮಾರ್ಜರಿಯ ನಡೆಯಲ್ಲಿ ನಮಗೆ ಮೆಚ್ಚುಗೆಯಾದುದು ಆಕೆಯ ತ್ಯಾಗಕ್ಕಿಂತ ಹೆಚ್ಚಾಗಿ ಆಕೆಯು ಇಟ್ಟುಕೊಂಡ ಅಳತೆ. ನಮ್ಮಲ್ಲಿ ಹೆಣ್ಣಿನ ತ್ಯಾಗವನ್ನು ಹೊಗಳುವವರಿಗೆ ಕೊರತೆಯಿಲ್ಲ, ಹೊಗಳುವುದಕ್ಕೆ ಖರ್ಚಿಲ್ಲವಷ್ಟೆ. ಬಿಟ್ಟುಹೋದ ಹೆಂಡತಿಯು ಗಂಡನ ರೋಗದ ಸುದ್ದಿಯನ್ನು ಕೇಳಿ ಓಡಿಬಂದು ಆತನ ಪಾದದ ಬಳಿಯಲ್ಲಿಯೇ ಉಳಿದಳೆಂದು ಕಥೆ ಬರೆದರೆ ಓದುವವರು ಕಣ್ಣೀರಿಡುತ್ತಾರೆ. ಮಾರ್ಜರಿಯು ಹಾಗೆ ಮಾಡಿದ್ದರೆ ಒಂದೆರಡು ವರ್ಷಗಳಲ್ಲಿ ತಾನೇ ಹಾಸಿಗೆ ಹಿಡಿದು, ಮೂವರು ಮಕ್ಕಳೂ ದಿಕ್ಕಿಲ್ಲದವರಾಗುತ್ತಿದ್ದರೋ ಏನೋ. ವಾರಕ್ಕೆ ಇಷ್ಟು ಎಂದು ಗೊತ್ತುಮಾಡಿಕೊಂಡುದರಿಂದಲೇ ಹದಿಮೂರು ವರ್ಷಗಳ ಕಾಲ ಆಕೆಯು ತಪ್ಪದೆ ನಡೆಯಿಸಿದಳು. ಮೊದಲ ಹೆಂಡತಿ ಮೇರಿಯ ಮೇಲೂ ಯಾವ ಋಣವನ್ನೂ ಹೊರಿಸಲು ನಮಗೆ ಮನಸ್ಸಿಲ್ಲ. ಆಕೆಯ ಪಾಲಿಗೆ ಬಂದುದೇ ಬೆಟ್ಟದಷ್ಟು: ಆಕೆಯ ಇಬ್ಬರು ಹೆಣ್ಣುಮಕ್ಕಳೂ ತಂದೆಯ ರೋಗವನ್ನೇ ಪಡೆದು, ಒಬ್ಬೊಬ್ಬಳೂ ನಲವತ್ತೊಂದನೆಯ ವಯಸ್ಸಿಗೆ ತೀರಿಕೊಂಡರು.

ನಮ್ಮ ಮನೆಗಳಲ್ಲಿ ಇಂತಹ ಸಂದರ್ಭವು ಬಂದಾಗ ಏನು ಮಾಡಬಹುದೆಂಬುದಕ್ಕೆ ಈ ವೃತ್ತಾಂತದಿಂದ ಕೆಲವು ಸೂಚನೆಗಳು ದೊರೆಯುತ್ತವೆ. ರೋಗಿಯನ್ನು ಈಗ ನೋಡಿಕೊಳ್ಳುತ್ತಿರುವವರು ಯಾರೋ, ತಾಯಿಯಾಗಲಿ, ಅಕ್ಕನಾಗಲಿ, ಎರಡನೆಯ ಹೆಂಡತಿಯಾಗಲಿ, ಅವರ ಒಪ್ಪಿಗೆಯನ್ನು ಮೊದಲು ಕೇಳಿ ಹೋಗುವುದು ಮರ್ಯಾದೆ. ಹಾಗೆಯೇ ತನ್ನ ಮನೆಯಲ್ಲಿ ಈಗಿನ ಗಂಡನಿದ್ದರೆ ಆತನಿಗೆ ತಿಳಿಸದೆ ಹೋಗುವುದು ಹೊಸದೊಂದು ಜಗಳಕ್ಕೆ ಬೀಜ. ರೋಗಿಯನ್ನು ನೋಡಲು ಹೋಗುವಾಗ ತಿಂಡಿಯನ್ನು ಒಯ್ಯುವುದು ನಮ್ಮ ಪದ್ಧತಿಯಷ್ಟೆ. ಈ ರೋಗಿಗಳ ಶರೀರವು ಬೇಗ ಕೃಶವಾಗುವುದರಿಂದ ಅವರಿಗೆ ಪುಷ್ಟಿಯಾದ ಆಹಾರವು ಹೆಚ್ಚಾಗಿಯೇ ಬೇಕು. ಆದರೆ ಚಕ್ಕುಲಿ, ಕೋಡುಬಳೆ, ಅವಲಕ್ಕಿಯಂತಹವು ಗಂಟಲಿಗೆ ಸಿಕ್ಕಿ ಅಪಾಯವಾಗುವುದುಂಟು; ನೀರಿನಂತಹ ತೆಳು ಪದಾರ್ಥವೂ ಶ್ವಾಸನಾಳಕ್ಕೆ ಇಳಿಯುವುದುಂಟು. ಗಟ್ಟಿ ಮೊಸರು, ನುಣ್ಣಗೆ ಕಿವುಚಿದ ಬಾಳೆಹಣ್ಣು, ಮಂದವಾದ ಪಾಯಸ, ಇಂತಹವು ಮೇಲು. ಅದನ್ನೂ ನೋಡಿಕೊಳ್ಳುವವರನ್ನು ಕೇಳಿಯೇ ಕೊಡಬೇಕು. ಮಾತು ನಿಧಾನವಾದರೆ ನಾವೇ ವಾಕ್ಯವನ್ನು ಮುಗಿಸಿಬಿಡುವ ಚಾಪಲ್ಯವನ್ನು ತಡೆದುಕೊಳ್ಳಬೇಕು. ಉತ್ತರ ಹೇಳಲಾರದವನು ಪ್ರಶ್ನೆಯನ್ನು ಅರಿಯಲಾರನೆಂದು ಎಣಿಸಿ, ಆತನ ಮುಂದೆಯೇ ಆತನ ಆಯುಸ್ಸಿನ ಲೆಕ್ಕವನ್ನು ಹಾಕುವ ನಂಟರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಹಳೆಯ ಲೆಕ್ಕದ ಮಾತು ಇನ್ನೂ ಸೂಕ್ಷ್ಮವಾದುದು. ಆ ದಿನ ಆತನು ಆಡಿದ ಮಾತು, ಎತ್ತಿದ ಕೈ, ಇವು ಆತನವೋ ರೋಗದವೋ? ಹಿಂತಿರುಗಿ ನೋಡಿದಾಗ ಕೆಲವು ನೋವುಗಳಿಗೆ ಬೇರೆ ಅರ್ಥ ಹುಟ್ಟುತ್ತದೆ, ಕ್ಷಮಿಸುವುದು ಸುಲಭವಾಗುತ್ತದೆ. ಹಾಗೆಂದು ಪ್ರತಿಯೊಬ್ಬ ಕಟುಕ ಗಂಡನ ಕ್ರೌರ್ಯಕ್ಕೂ ಮಿದುಳಿನ ರೋಗವನ್ನು ನೆಪವಾಗಿ ಒಡ್ಡುವುದು ಅನ್ಯಾಯವೇ ಸರಿ. ರೋಗದಿಂದಲೇ ಆದ ಪೆಟ್ಟಾದರೂ ಬಿದ್ದವಳ ಮೈಗೆ ನೋವು ಕಡಿಮೆಯಾಗದು. ಮಾರ್ಜರಿಯು ರೋಗದ ಹೆಸರು ತಿಳಿದ ಮೇಲೆಯೇ ಬಿಡುಗಡೆಯನ್ನು ಪಡೆದಳು, ಬಿಡುಗಡೆಯಾದ ಮೇಲೆಯೇ ಆರೈಕೆಗೆ ನಿಂತಳು ಎಂಬುದನ್ನು ವಾಚಕರು ಗಮನಿಸಬೇಕು. ಈ ಎರಡರಲ್ಲಿ ವಿರೋಧವಿದೆಯೆಂದು ನಮಗೆ ತೋರುವುದಿಲ್ಲ.

ಇನ್ನು ಎರಡನೆಯವನ ಮಾತು. ಮಿಲ್ಟನ್ ವೆಕ್ಸ್ಲರ್ ಲಾಸ್ ಏಂಜಲಿಸ್ ನಗರದಲ್ಲಿದ್ದ ಮನೋವಿಶ್ಲೇಷಕ. ಆತನ ಹೆಂಡತಿ ಲೆನೋರ್ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ವಿದ್ಯಾವಂತೆ. ಆಕೆಯ ತಂದೆಯು ಹಂಟಿಂಗ್ಟನ್ ರೋಗದಿಂದ ಸತ್ತಿದ್ದನು. ಈ ರೋಗವು ಗಂಡಸರಿಗೆ ಮಾತ್ರ ಬರುವುದೆಂದು ಆಕೆಗೆ ಯಾರೋ ಹೇಳಿದ್ದರು. ಆಕೆಯು ಅದನ್ನೇ ನಂಬಿದ್ದಳು. ೧೯೫೦ರಲ್ಲಿ ಆಕೆಯ ಮೂವರು ಅಣ್ಣಂದಿರಿಗೂ ಆ ರೋಗವಿದೆಯೆಂದು ತಿಳಿಯಿತು. ಅವರ ಖರ್ಚಿಗೆ ಒದಗಲೆಂದು ಹೆಚ್ಚಿನ ಸಂಪಾದನೆಗಾಗಿಯೇ ಮಿಲ್ಟನ್ ಕ್ಯಾನ್ಸಸ್ಸಿನಲ್ಲಿದ್ದ ಕೆಲಸವನ್ನು ಬಿಟ್ಟು ಲಾಸ್ ಏಂಜಲಿಸಿಗೆ ಬಂದನು. ಆದರೆ ಗಂಡಹೆಂಡಿರ ನಡುವೆ ಮನಸ್ಸು ಒಡೆದು, ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಅವರು ವಿಚ್ಛೇದನ ಪಡೆದರು. ಆಲಿಸ್, ನ್ಯಾನ್ಸಿ ಎಂದು ಇಬ್ಬರು ಹೆಣ್ಣುಮಕ್ಕಳು.

೧೯೬೮ರಲ್ಲಿ ಒಂದು ಬೆಳಿಗ್ಗೆ, ಐವತ್ತಮೂರು ವರ್ಷದ ಲೆನೋರ್ ಜೂರಿಯ ಕರೆಯ ಮೇಲೆ ನ್ಯಾಯಸ್ಥಾನಕ್ಕೆ ಹೋಗುತ್ತ ಬೀದಿಯನ್ನು ದಾಟುತ್ತಿದ್ದಾಗ, ಇಷ್ಟು ಹೊತ್ತಿಗೇ ಕುಡಿದು ತೂರಾಡಲು ನಾಚಿಕೆಯಿಲ್ಲವೇ ಎಂದು ಪೊಲೀಸಿನವನೊಬ್ಬನು ಗದರಿಸಿದನು. ಆಕೆಯು ಕುಡಿದಿರಲಿಲ್ಲ. ವೈದ್ಯರ ಬಳಿಗೆ ಹೋದಾಗ ನಿಜಾಂಶವು ಹೊರಬಿತ್ತು. ವಿಚ್ಛೇದನವಾಗಿ ವರ್ಷಗಳು ಕಳೆದಿದ್ದರೂ ಮಿಲ್ಟನ್ ಅದು ತನಗೆ ಸಂಬಂಧಿಸಿದುದಲ್ಲವೆಂದು ಹೇಳಲಿಲ್ಲ. ಹೇಳುವುದಾದರೂ ಹೇಗೆ? ಇಬ್ಬರು ಹೆಣ್ಣುಮಕ್ಕಳ ಮೈಯಲ್ಲಿಯೂ ಆ ನಾಣ್ಯವು ಚಿಮ್ಮಿಯಾಗಿತ್ತು. ನ್ಯಾಯಸ್ಥಾನವು ದಾಂಪತ್ಯವನ್ನು ಕತ್ತರಿಸಬಹುದು. ಆದರೆ ಮಗಳ ರಕ್ತದಲ್ಲಿ ತಾಯಿಯ ಪಾಲು ಯಾವುದು, ತಂದೆಯ ಪಾಲು ಯಾವುದೆಂದು ಬೇರ್ಪಡಿಸುವ ಡಿಕ್ರಿಯನ್ನು ಯಾವ ನ್ಯಾಯಾಧೀಶನೂ ಬರೆಯಲಾರನು.

ಆತನು ಅದೇ ವರ್ಷ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದನು. ಲೆನೋರಳ ಹಿರಿಯರು ಮುಚ್ಚಿಟ್ಟು ಮುಚ್ಚಿಟ್ಟು ಒಂದು ತಲೆಮಾರನ್ನೇ ಕತ್ತಲಲ್ಲಿ ಇರಿಸಿದ್ದರು. ಆತನೂ ಬಹಳ ವರ್ಷ ಮಕ್ಕಳಿಂದ ಅದನ್ನು ಮರೆಸಿದ್ದನು. ನಮ್ಮ ಮನೆಗಳಲ್ಲಿಯೂ ಇದೇ ರೂಢಿಯಲ್ಲವೇ? 'ಆ ವಂಶದಲ್ಲಿ ಏನೋ ಇದೆಯಂತೆ' ಎಂಬ ಪಿಸುಮಾತು ಸಂಬಂಧ ನೋಡುವ ಹೊತ್ತಿಗೆ ನೆರೆಮನೆಯವರ ಬಾಯಲ್ಲಿ ಕೇಳುವುದೇ ಹೊರತು, ಮಗಳಿಗೆ ತಾಯಿಯ ಬಾಯಿಂದ ಕೇಳುವುದು ಅಪೂರ್ವ.

ಅದೇ ಕಾಲದಲ್ಲಿ, ಮೂರು ಸಾವಿರ ಮೈಲಿಗಳಾಚೆ, ನ್ಯೂಯಾರ್ಕಿನಲ್ಲಿ ಮಾರ್ಜರಿ ಗಥ್ರಿಯು ಸುಮ್ಮನೆ ಕುಳಿತಿರಲಿಲ್ಲ. ವುಡಿಯು ತೀರಿಕೊಂಡ ೧೯೬೭ರಲ್ಲಿಯೇ ಹಂಟಿಂಗ್ಟನ್ ರೋಗದ ವಿರುದ್ಧ ಒಂದು ಸಮಿತಿಯನ್ನು ಸ್ಥಾಪಿಸಿ, ರೋಗವಿದ್ದ ಮನೆಗಳನ್ನು ಹುಡುಕಿ, ಅವರ ನಾಚಿಕೆಯನ್ನು ಬಿಡಿಸಿ ಒಂದುಗೂಡಿಸುತ್ತಿದ್ದಳು. ಮಿಲ್ಟನ್ ಆಕೆಯನ್ನು ಸೇರಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ಅದರ ಶಾಖೆಯನ್ನು ತೆರೆದನು. ಹಳೆಯ ಗಂಡನಿಗಾಗಿ ದುಡಿಯುವ ಒಬ್ಬಳು, ಹಳೆಯ ಹೆಂಡತಿಗಾಗಿ ದುಡಿಯುವ ಒಬ್ಬನು! ಇಬ್ಬರ ದಾರಿಯೂ ಒಂದೇ ಆಗಿರಲಿಲ್ಲ. ಆಕೆಗೆ ಕುಟುಂಬಗಳ ಸಾಂತ್ವನವು ಮುಖ್ಯ. ಆತನಿಗೆ ಸಂಶೋಧನೆಯು ಮುಖ್ಯ. ಮುಂದೆ ಆತನು ಆನುವಂಶಿಕ ರೋಗಗಳಿಗಾಗಿ ಪ್ರತ್ಯೇಕವಾದ ಪ್ರತಿಷ್ಠಾನವನ್ನೇ ಸ್ಥಾಪಿಸಿ, ಎಳೆಯ ವಿಜ್ಞಾನಿಗಳನ್ನು ಕರೆದು ಕೂರಿಸಿ, ಬರೆದು ತಂದ ಉಪನ್ಯಾಸವನ್ನು ಬದಿಗಿರಿಸಿ ಮನಬಿಚ್ಚಿ ಚರ್ಚಿಸಿರೆಂದು ಕೇಳುತ್ತಿದ್ದನು. ೧೯೭೬ರಲ್ಲಿ ಅಮೆರಿಕ ಸರಕಾರವು ಈ ರೋಗದ ಬಗ್ಗೆ ಆಯೋಗವನ್ನು ನೇಮಿಸಿದಾಗ ಮಾರ್ಜರಿಯು ಅದರ ಅಧ್ಯಕ್ಷೆಯಾದಳು. ಮಿಲ್ಟನ್ನನ ಕಿರಿಯ ಮಗಳು ನ್ಯಾನ್ಸಿಯು ಅದರ ಕಾರ್ಯನಿರ್ವಾಹಕಿಯಾದಳು. ಲೆನೋರ್ ೧೯೭೮ರ ಮೇ ತಿಂಗಳಲ್ಲಿ ತೀರಿಕೊಂಡಳು.

ತಾಯಿಯು ಸತ್ತ ಮರುವರ್ಷ ನ್ಯಾನ್ಸಿಯು ವೆನೆಜುವೆಲಾ ದೇಶದ ಮರಕೈಬೊ ಸರೋವರದ ದಡಕ್ಕೆ ಹೋದಳು. ಅಲ್ಲಿಯ ಬೆಸ್ತರ ಹಳ್ಳಿಗಳಲ್ಲಿ ಈ ರೋಗವು ಲೋಕದ ಬೇರೆಲ್ಲಿಯೂ ಕಾಣದಷ್ಟು ವ್ಯಾಪಿಸಿದೆ. ವರ್ಷವರ್ಷವೂ ಹೋಗಿ, ಸಾವಿರಾರು ಮಂದಿಯ ವಂಶವೃಕ್ಷವನ್ನು ಬರೆದು, ರಕ್ತದ ಮಾದರಿಗಳನ್ನು ತಂದರು. ೧೯೮೩ರ ನವೆಂಬರಿನಲ್ಲಿ, ರೋಗದ ವಂಶವಾಹಿಯು ನಾಲ್ಕನೆಯ ವರ್ಣತಂತುವಿನಲ್ಲಿದೆಯೆಂಬ ಶೋಧವು ಪ್ರಕಟವಾಯಿತು. ಮಾರ್ಜರಿಯು ಅದನ್ನು ಕಾಣಲು ಉಳಿದಿರಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ತೀರಿಕೊಂಡಿದ್ದಳು. ಇನ್ನೂ ಹತ್ತು ವರ್ಷಗಳ ದುಡಿಮೆಯ ಮೇಲೆ, ೧೯೯೩ರಲ್ಲಿ, ಆ ವಂಶವಾಹಿಯೇ ಕೈಗೆ ಸಿಕ್ಕಿತು. ಮಿಲ್ಟನ್ ಅದನ್ನು ಕಂಡು, ತೊಂಬತ್ತೆಂಟು ವರ್ಷಗಳ ತುಂಬುಬಾಳನ್ನು ಬಾಳಿ, ೨೦೦೭ರಲ್ಲಿ ಕಾಲವಾದನು.

ರೋಗವನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಅಂಗಗಳ ಕುಣಿತವನ್ನು ತಗ್ಗಿಸುವ ಗುಳಿಗೆಗಳುಂಟು, ಖಿನ್ನತೆಗೆ ಔಷಧಿಯುಂಟು. ರಕ್ತವನ್ನು ಪರೀಕ್ಷಿಸಿ ರೋಗವು ಬರುವುದೇ ಇಲ್ಲವೇ ಎಂಬುದನ್ನು ಮುಂಚಿತವಾಗಿ ಹೇಳಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಪರೀಕ್ಷೆಗೂ, ಅದಕ್ಕೆ ಮೊದಲು ನಡೆಯಬೇಕಾದ ಸಮಾಲೋಚನೆಗೂ ಅವಕಾಶವಿದೆ. ರೋಗಲಕ್ಷಣವಿಲ್ಲದ ಎಳೆಯ ಮಕ್ಕಳಿಗೆ ಈ ಪರೀಕ್ಷೆಯನ್ನು ಮಾಡುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ತಿಳಿಯಬೇಕೇ ಬೇಡವೇ ಎಂಬುದನ್ನು ಅವರೇ ನಿಶ್ಚಯಿಸತಕ್ಕದ್ದೆಂಬುದು ವೈದ್ಯರ ಸಮ್ಮತವಾದ ಪದ್ಧತಿ. ಮದ್ದಿಲ್ಲದ ರೋಗದ ವಾರ್ತೆಯನ್ನು ಮುಂಗಡವಾಗಿ ಪಡೆದು ಮಾಡುವುದೇನೆಂದು ಕೇಳುವವರೂ ಇದ್ದಾರೆ. ಮದುವೆ, ಮಕ್ಕಳು, ಉದ್ಯೋಗ, ಮನೆಯ ಏರ್ಪಾಡು ಎಲ್ಲವನ್ನೂ ತಿಳಿದು ಮಾಡಬಹುದಲ್ಲ ಎನ್ನುವವರೂ ಇದ್ದಾರೆ. ಎರಡು ಪಕ್ಷಗಳಲ್ಲಿಯೂ ವಿವೇಕವಿದೆ.

ಅಕ್ಕ ಆಲಿಸ್ ಚರಿತ್ರಕಾರ್ತಿಯಾಗಿ, ತಂದೆತಾಯಿಗಳ ದಾಂಪತ್ಯವನ್ನೂ ವಿಚ್ಛೇದನವನ್ನೂ ರೋಗವನ್ನೂ ಮುಚ್ಚುಮರೆಯಿಲ್ಲದೆ ಒಂದು ಗ್ರಂಥವಾಗಿ ಬರೆದು ೧೯೯೫ರಲ್ಲಿ ಪ್ರಕಟಿಸಿದಳು. ತಂಗಿ ನ್ಯಾನ್ಸಿಯು ತನ್ನ ಸ್ವಂತದ ಸಂಗತಿಯನ್ನು ಬಹುಕಾಲ ಯಾರಿಗೂ ಹೇಳಲಿಲ್ಲ. ಲೋಕಕ್ಕೆಲ್ಲ ಆ ಪರೀಕ್ಷೆಯನ್ನು ಒದಗಿಸಿಕೊಟ್ಟವರಲ್ಲಿ ಒಬ್ಬಳಾದ ಆಕೆಯ ನಡಿಗೆಯು ತೂರಾಡುತ್ತಿರುವುದನ್ನೂ, ಮಾತು ತೊದಲುತ್ತಿರುವುದನ್ನೂ ಗೆಳೆಯರು ಕಂಡಿದ್ದರು, ಕೇಳಿರಲಿಲ್ಲ. ೨೦೨೦ರಲ್ಲಿ, ತನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತಾಯಿಯ ರೋಗವು ತನಗೂ ಬಂದಿದೆಯೆಂದು ಆಕೆಯೇ ವೃತ್ತಪತ್ರಿಕೆಗೆ ತಿಳಿಸಿದಳು.